ಶಿಕ್ಷಣ ಸಾಲ: ರಾಜ್ಯದ ಹೊಣೆ, ಸಮುದಾಯದ ಹೆಗಲು



ಹೈಸ್ಕೂಲು ದಾಟಿದ ಬಡವರ ಮಕ್ಕಳ ಓದಿನ ಖರ್ಚನ್ನು ಯಾರು ಹೊರಬೇಕು? ಈ ಪ್ರಶ್ನೆಗೆ ನಮ್ಮ ನಾಡು ಕಳೆದ ನೂರನಲವತ್ತು ವರ್ಷಗಳಲ್ಲಿ ಮೂರು ಉತ್ತರಗಳನ್ನು ಕೊಟ್ಟಿದೆ. ಮೊದಲು ಊರು, ಮಠ, ಜಾತಿ ಸಂಘ, ದಾನಿಗಳು ಹೊತ್ತರು. ಆಮೇಲೆ ಸರ್ಕಾರ ವಿದ್ಯಾರ್ಥಿವೇತನ ಮತ್ತು ಹಾಸ್ಟೆಲುಗಳ ಮೂಲಕ ಹೊತ್ತಿತು. ಈಗ ಹದಿನೆಂಟರ ಹುಡುಗ, ಹುಡುಗಿಯೇ ಬ್ಯಾಂಕಿನಲ್ಲಿ ಸಹಿ ಹಾಕಿ, ತಾವು ಇನ್ನೂ ದುಡಿಯದ ಸಂಬಳದ ಮೇಲೆ ಸಾಲ ತೆಗೆದು ಹೊರುತ್ತಿದ್ದಾರೆ. ಮೂರನೆಯ ಉತ್ತರ ಬಂತೆಂದು ಮೊದಲಿನ ಎರಡನ್ನು ನಾವು ಕೈಬಿಡಬಾರದು. ಸಾಲ ಇರಲಿ, ಆದರೆ ಅದು ಕೊನೆಗೆ ಉಳಿದ ಕೊರತೆಯನ್ನು ತುಂಬುವ ಸಾಧನವಾಗಿರಲಿ. ಅದಕ್ಕೂ ಮೊದಲು ಸಮುದಾಯ ಮತ್ತು ಸರ್ಕಾರ ತಮ್ಮ ತಮ್ಮ ಪಾಲನ್ನು ಎತ್ತಿರಬೇಕು. ಇಂದು ನಿಮ್ಮ ಮುಂದೆ ಮಂಡಿಸಲಿರುವ ವಾದ ಇಷ್ಟೇ. ಇದನ್ನು ಇತಿಹಾಸದಿಂದ, ಲೆಕ್ಕದಿಂದ ಮತ್ತು ಬೇರೆ ರಾಜ್ಯಗಳ ಅನುಭವದಿಂದ ಸಮರ್ಥಿಸಲು ಯತ್ನಿಸುತ್ತೇನೆ.

ವಾರಾನ್ನದಿಂದ ಹಾಸ್ಟೆಲಿಗೆ

ಮೈಸೂರು ಸಂಸ್ಥಾನದ ಕಾಲದಲ್ಲಿ ಪಟ್ಟಣಕ್ಕೆ ಓದಲು ಬಂದ ಬಡ ಹುಡುಗರು ವಾರಾನ್ನದ ಮೇಲೆ ಬದುಕಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಏಳು ಮನೆಗಳು ಸೇರಿ ಒಬ್ಬ ಹುಡುಗನ ಓದನ್ನು ಸಾಗಿಸುತ್ತಿದ್ದವು. ಅದರಲ್ಲಿ ಔದಾರ್ಯವಿತ್ತು, ಹಂಗೂ ಇತ್ತು. ಬಹುಪಾಲು ಜಾತಿಗಳ ಮಕ್ಕಳಿಗೆ ಆ ಮನೆಗಳ ಹೊಸ್ತಿಲು ದಾಟುವ ಅವಕಾಶವೇ ಇರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಆ ಕೊರತೆಯನ್ನು ಕಂಡವರು ಸಂಸ್ಥೆಗಳನ್ನು ಕಟ್ಟಿದರು. ಧಾರವಾಡದಲ್ಲಿ 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. 1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ಓದಿಗೆ ಬರೆದಿಟ್ಟರು. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆ ವಿದ್ಯಾರ್ಥಿಗಳಿಗೆ ವಸತಿ ಕೊಟ್ಟಿತು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವನ್ನು ಸಾವಿರಾರು ಮಕ್ಕಳಿಗೆ, ಜಾತಿ ಮತ ಕೇಳದೆ, ದಶಕಗಟ್ಟಲೆ ನಡೆಸಿದರು.

ಸರ್ಕಾರವೂ ಹಿಂದೆ ಉಳಿಯಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿ ಹಿಂದುಳಿದ ವರ್ಗಗಳ ಮಕ್ಕಳಿಗೆ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯದಂತಹ ಸೌಲಭ್ಯಗಳನ್ನು ಹೆಚ್ಚಿಸಬೇಕೆಂಬ ನಿಲುವು ತಾಳಿತು. 1975ರಲ್ಲಿ ಹಿಂದುಳಿದ ವರ್ಗಗಳ ಕುರಿತ ಹಾವನೂರು ಆಯೋಗ ವರದಿ ಕೊಟ್ಟಿತು. ಮುಖ್ಯಮಂತ್ರಿ ದೇವರಾಜ ಅರಸರ ಆಡಳಿತದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ತಾಲ್ಲೂಕುಗಳಿಗೆ ಹಬ್ಬಿದವು. ವಾರಾನ್ನದ ಮನೆಗಳ ಹೊಸ್ತಿಲು ದಾಟಲಾಗದವರ ಮಕ್ಕಳು ಸರ್ಕಾರದ ಹಾಸ್ಟೆಲಿನಲ್ಲಿ ಹಕ್ಕಿನಿಂದ ಉಂಡರು. ಈ ಸ್ಥಿತ್ಯಂತರವನ್ನು ನಮ್ಮ ಶಿಕ್ಷಣ ಚರಿತ್ರೆಯ ಬಹುದೊಡ್ಡ ಸಾಧನೆಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ. ಇಂದು ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ, ತರಗತಿಗಳಲ್ಲಿ ಹೊಣೆ ಹೊತ್ತಿರುವ ಒಂದು ತಲೆಮಾರೇ ಆ ಹಾಸ್ಟೆಲುಗಳಿಂದ ಬಂದದ್ದು.

ಈ ಚರಿತ್ರೆಯಲ್ಲಿ ಒಂದು ಸೂತ್ರ ಎದ್ದು ಕಾಣುತ್ತದೆ. ಶುಲ್ಕಕ್ಕಿಂತ ಊಟ, ವಸತಿಗಳೇ ಬಡವರ ಮಕ್ಕಳ ಕಾಲಿಗೆ ತೊಡರುತ್ತಿದ್ದ ಖರ್ಚುಗಳು. ಅವನ್ನು ಸಮುದಾಯವೋ ಸರ್ಕಾರವೋ ಹೊತ್ತರೆ ಉಳಿದ ದಾರಿಯನ್ನು ಹುಡುಗ ತಾನೇ ನಡೆಯುತ್ತಿದ್ದ.

ಸಾಲ ಬಂದ ದಾರಿ

ಶುಲ್ಕ ಚಿಕ್ಕದಾಗಿದ್ದಷ್ಟು ಕಾಲ ಈ ಸೂತ್ರ ನಡೆಯಿತು. ವೃತ್ತಿಶಿಕ್ಷಣ ಖಾಸಗಿ ಕಾಲೇಜುಗಳ ಕಡೆ ವಾಲಿದಾಗ ಅದು ಸಾಲದಾಯಿತು. ಈ ವಾಲಿಕೆಯಲ್ಲಿ ಕರ್ನಾಟಕ ದೇಶಕ್ಕೇ ಮುಂದೆ ಇತ್ತು. 1953ರಲ್ಲಿ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಅವರು ಖಾಸಗಿ ವೈದ್ಯಕೀಯ ಕಾಲೇಜು ತೆರೆದರು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳು ಹೆಚ್ಚಿದವು. ಅವುಗಳ ಜೊತೆಗೆ, ಸೀಟಿಗಾಗಿ ನಿಗದಿತ ಶುಲ್ಕದ ಮೇಲೆ ವಸೂಲಿ ಮಾಡುವ ಕ್ಯಾಪಿಟೇಶನ್ ಶುಲ್ಕವೂ ಬೆಳೆಯಿತು. ಅದನ್ನು ತಡೆಯಲು 1984ರಲ್ಲಿ ರಾಜ್ಯ ಕಾನೂನು ಮಾಡಿತು. ಆ ಕಾನೂನಿನಡಿ 1989ರಲ್ಲಿ ಹೊರಟ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕವನ್ನು ಸರ್ಕಾರಿ ಸೀಟಿಗೆ 2,000, ಉಳಿದ ಕರ್ನಾಟಕದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ನಿಗದಿ ಮಾಡಿತು. ಒಂದೇ ಬೆಂಚಿನಲ್ಲಿ ಕೂತವರ ನಡುವೆ ಮೂವತ್ತು ಪಟ್ಟು ವ್ಯತ್ಯಾಸ! ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1992ರಲ್ಲಿ ಕ್ಯಾಪಿಟೇಶನ್ ಶುಲ್ಕ ಸಲ್ಲದೆಂದು ತೀರ್ಪು ಕೊಟ್ಟಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಉಚಿತ ಸೀಟು, ಪಾವತಿ ಸೀಟು ಎಂಬ ವ್ಯವಸ್ಥೆ ತಂದಿತು. 1994ರಲ್ಲಿ ನಮ್ಮಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ಘಟಕ ಆರಂಭವಾಯಿತು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ನ್ಯಾಯಾಲಯ ಹಳೆಯ ವ್ಯವಸ್ಥೆಯನ್ನು ಬದಿಗಿಟ್ಟು, ಲಾಭಕೋರತನ ಕೂಡದೆಂಬ ಷರತ್ತಿನೊಂದಿಗೆ ಶುಲ್ಕದ ವಿಷಯದಲ್ಲಿ ಖಾಸಗಿ ಸಂಸ್ಥೆಗಳಿಗೆ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟಿತು.

ಭಾರತೀಯ ಬ್ಯಾಂಕುಗಳ ಸಂಘ ಮಾದರಿ ಶಿಕ್ಷಣ ಸಾಲ ಯೋಜನೆಯನ್ನು ರೂಪಿಸಿದ್ದು 2001ರಲ್ಲಿ. ಶುಲ್ಕ ಏರುವ ದಾರಿಯೂ ಅದಕ್ಕೆ ಸಾಲ ಸಿಗುವ ದಾರಿಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತೆರೆದುಕೊಂಡವು. ಸಾಲ ಸಿಗುತ್ತದೆ ಎಂಬ ಕಾರಣಕ್ಕೆ ಶುಲ್ಕ ಏರಿಸುವುದು ಸುಲಭವಾಗುತ್ತದೆ. ಹಾಗಾಗಿ ಸಾಲಗಾರ ವಿದ್ಯಾರ್ಥಿಗೆ ಕೊಡುವ ಯಾವ ನೆರವೂ ಶುಲ್ಕ ನಿಯಂತ್ರಣವಿಲ್ಲದೆ ಪೂರ್ಣವಾಗದು.

ಒಂದು ಲೆಕ್ಕ

ಈಗ ಶಿಕ್ಷಣ ಸಾಲದ ಒಳಗಿನ ಲೆಕ್ಕವನ್ನು ಹತ್ತಿರದಿಂದ ನೋಡೋಣ. ಸಿಂಧನೂರು ತಾಲ್ಲೂಕಿನ ರೈತರೊಬ್ಬರ ಮಗಳು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಸೇರಿದಳೆಂದು ಭಾವಿಸಿ. ಶುಲ್ಕ, ಊಟ, ವಸತಿ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ. ನಾಲ್ಕು ವರ್ಷಕ್ಕೆ ಆರು ಲಕ್ಷ ಸಾಲ. ಬಡ್ಡಿ ಶೇ. 10 ಎಂದಿಟ್ಟುಕೊಳ್ಳೋಣ. ಓದಿನ ಅವಧಿ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಇದಕ್ಕೆ ಮೊರಟೋರಿಯಂ ಎನ್ನುತ್ತಾರೆ. ಕಂತು ನಿಂತಿರುತ್ತದೆ, ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಮೊದಲ ವರ್ಷ ಪಡೆದ ಒಂದೂವರೆ ಲಕ್ಷಕ್ಕೆ ಐದು ವರ್ಷದ ಸರಳ ಬಡ್ಡಿ 75,000. ಎರಡನೆಯ ವರ್ಷದ್ದಕ್ಕೆ 60,000, ಮೂರನೆಯದಕ್ಕೆ 45,000, ನಾಲ್ಕನೆಯದಕ್ಕೆ 30,000. ಒಟ್ಟು 2,10,000 ರೂಪಾಯಿ. ಆಕೆ ಮೊದಲ ಸಂಬಳ ಎಣಿಸುವ ಮೊದಲೇ ಆರು ಲಕ್ಷದ ಸಾಲ ಎಂಟು ಲಕ್ಷ ಹತ್ತು ಸಾವಿರ ಆಗಿರುತ್ತದೆ. ಇದನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳ ಕಂತು ಸುಮಾರು 10,704 ರೂಪಾಯಿ.

ಮೊರಟೋರಿಯಂ ಅವಧಿಯ ಬಡ್ಡಿಯನ್ನು ಸರ್ಕಾರ ಕಟ್ಟಿತೆನ್ನಿ. ಆಗ ಕಂತು 7,929ಕ್ಕೆ ಇಳಿಯುತ್ತದೆ. ಸರ್ಕಾರ ಏನೂ ಕಟ್ಟಲಿಲ್ಲ, ಆದರೆ ಆಕೆಗೆ ಉಚಿತ ಹಾಸ್ಟೆಲು ಸಿಕ್ಕಿ ವರ್ಷಕ್ಕೆ 60,000 ರೂಪಾಯಿ ಸಾಲವೇ ಬೇಕಾಗಲಿಲ್ಲ ಎನ್ನಿ. ಆಗ ಅಸಲು 3,60,000, ಬಡ್ಡಿ 1,26,000, ಕಂತು 6,422. ಎರಡೂ ಕೂಡಿದರೆ, ಅಂದರೆ ಹಾಸ್ಟೆಲೂ ಸಿಕ್ಕಿ ಬಡ್ಡಿಯನ್ನೂ ಸರ್ಕಾರ ಹೊತ್ತರೆ, ಕಂತು 4,757. ಮೊದಲಿನ ಅರ್ಧಕ್ಕಿಂತಲೂ ಕಡಿಮೆ.

ಈ ನಾಲ್ಕು ಅಂಕಿಗಳು ಇಂದಿನ ವಾದಕ್ಕೆಲ್ಲ ಅಡಿಗಲ್ಲು. ಹಾಸ್ಟೆಲಿನ ಒಂದು ಮಂಚ ಮತ್ತು ಎರಡು ಹೊತ್ತಿನ ಊಟ ಬಡ್ಡಿ ಸಹಾಯಧನಕ್ಕಿಂತ ಹೆಚ್ಚು ಭಾರ ಇಳಿಸಬಲ್ಲವು ಎಂಬುದನ್ನು ಅವು ತೋರಿಸುತ್ತವೆ. ಸಮುದಾಯದ ನೆರವು ಸಾಲವನ್ನು ಚಿಕ್ಕದಾಗಿಸುತ್ತದೆ. ಸರ್ಕಾರದ ನೆರವು ಸಾಲ ಬೆಳೆಯದಂತೆ ತಡೆಯುತ್ತದೆ. ಒಂದರ ಜಾಗವನ್ನು ಇನ್ನೊಂದು ತುಂಬಲಾರದು.

ಸರ್ಕಾರ ಏಕೆ ಹೊರಬೇಕು?

ಕಾಲೇಜಿನ ಮೆಟ್ಟಿಲು ಹತ್ತದ ಕೂಲಿಕಾರನ ತೆರಿಗೆಯಿಂದ ನಾಳಿನ ಎಂಜಿನಿಯರನ ಬಡ್ಡಿ ಕಟ್ಟುವುದು ನ್ಯಾಯವೇ ಎಂದು ಕೇಳುವವರಿದ್ದಾರೆ. ಗೌರವದಿಂದ ಉತ್ತರಿಸಬೇಕಾದ ಪ್ರಶ್ನೆ ಇದು. ಎಲ್ಲರ ಬಡ್ಡಿಯನ್ನೂ ಕಟ್ಟುವುದು ಖಂಡಿತ ನ್ಯಾಯವಲ್ಲ. ಆದರೆ ಒಂದೇ ಬಡ್ಡಿದರ ಇಬ್ಬರಿಗೂ ಒಂದೇ ಭಾರವಲ್ಲ. ಉಳಿತಾಯವಿರುವ ಮನೆಯಲ್ಲಿ ಅಪ್ಪ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟುತ್ತ ಹೋಗುತ್ತಾರೆ. ಸಾಲ ಬೆಳೆಯುವುದೇ ಇಲ್ಲ. ಹಳೆಯ ಪದ್ಧತಿಯಂತೆ ಆದಾಯ ತೆರಿಗೆ ಕಟ್ಟುವವರಿಗೆ ಆ ಬಡ್ಡಿಗೆ ತೆರಿಗೆ ವಿನಾಯಿತಿಯೂ ಇದೆ. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದ ಮನೆಗೆ ಆ ವಿನಾಯಿತಿ ಸಿಗುವುದಿಲ್ಲ, ಬಡ್ಡಿಯೂ ಬೆಳೆಯುತ್ತದೆ. ಹೀಗೆ ನೋಡಿದರೆ ಬಡವರಿಗೆ ಕೊಡುವ ಬಡ್ಡಿ ನೆರವು ಈಗಾಗಲೇ ಇರುವ ಒಂದು ಅಸಮತೆಯನ್ನು ಸರಿಪಡಿಸುತ್ತದೆ.

ಸಾಲಮನ್ನಾ ಮಾಡಿದರೆ ಮರುಪಾವತಿಯ ಶಿಸ್ತು ಕೆಡುತ್ತದೆ ಎಂಬ ಆಕ್ಷೇಪವೂ ಇದೆ. ಮನ್ನಾಕ್ಕೂ ಬಡ್ಡಿ ನೆರವಿಗೂ ವ್ಯತ್ಯಾಸವಿದೆ. ಮನ್ನಾ ಯಾವಾಗ ಬರುವುದೋ ಯಾರಿಗೂ ಗೊತ್ತಿರುವುದಿಲ್ಲ; ಕಾಯುವವನಿಗೆ ಅದು ಲಾಭ, ಕಟ್ಟಿದವನಿಗೆ ನಷ್ಟ. ಬಡ್ಡಿ ನೆರವು ಮೊದಲೇ ತಿಳಿದಿರುತ್ತದೆ, ದುಡಿಮೆ ಇಲ್ಲದ ಅವಧಿಗೆ ಮಾತ್ರ ಸೀಮಿತವಾಗಿರುತ್ತದೆ, ಅಸಲನ್ನು ತೀರಿಸುವ ಹೊಣೆಯನ್ನು ವಿದ್ಯಾರ್ಥಿಯ ಮೇಲೆಯೇ ಉಳಿಸುತ್ತದೆ.

ಇನ್ನೂ ಒಂದು ಕಾರಣವಿದೆ. ಸಾಲದ ಭಯ ಓದುವವರನ್ನು ಆಯ್ಕೆಯ ಹಂತದಲ್ಲೇ ಬೇರ್ಪಡಿಸುತ್ತದೆ. ಮನೆಯಲ್ಲಿ ಮೊದಲ ಸಲ ಕಾಲೇಜು ಕಂಡ ಹುಡುಗಿ, ಅಂಕ ಇದ್ದೂ, ಅಪ್ಪನ ಜಮೀನಿನ ಪಹಣಿಯ ಮೇಲೆ ಸಾಲದ ಬೋಜಾ ಕೂರುತ್ತದೆಂಬ ಅಂಜಿಕೆಯಿಂದ ಬೇಕಾದ ಕೋರ್ಸನ್ನು ಬಿಟ್ಟುಕೊಡುತ್ತಾಳೆ. ಅವಳು ಬಿಟ್ಟ ಸೀಟಿನ ನಷ್ಟ ಅವಳೊಬ್ಬಳದಲ್ಲ. ತಾಲ್ಲೂಕು ಆಸ್ಪತ್ರೆಗೆ ಸಿಗಬೇಕಿದ್ದ ನರ್ಸ್, ಹಳ್ಳಿಯ ಶಾಲೆಗೆ ಸಿಗಬೇಕಿದ್ದ ಗಣಿತದ ಮೇಡಂ ಇಲ್ಲವಾಗುತ್ತಾರೆ.

ರಾಜ್ಯಗಳು ಹಿಡಿದ ಹಾದಿ

ಕೇಂದ್ರ ಸರ್ಕಾರ 2009ರಿಂದ ವಾರ್ಷಿಕ ನಾಲ್ಕೂವರೆ ಲಕ್ಷದೊಳಗಿನ ಆದಾಯದ ಕುಟುಂಬಗಳ ಮಕ್ಕಳಿಗೆ, ತಾಂತ್ರಿಕ ಮತ್ತು ವೃತ್ತಿಪರ ಕೋರ್ಸುಗಳಿಗೆ, ಮೊರಟೋರಿಯಂ ಅವಧಿಯ ಪೂರ್ಣ ಬಡ್ಡಿ ಸಹಾಯಧನ ಕೊಡುತ್ತ ಬಂದಿದೆ. ಇದರ ನೋಡಲ್ ಬ್ಯಾಂಕು ಕೆನರಾ ಬ್ಯಾಂಕ್. 1906ರಲ್ಲಿ ಮಂಗಳೂರಿನಲ್ಲಿ ಆ ಸಂಸ್ಥೆಗೆ ಬೀಜ ಹಾಕಿದ ಅಮ್ಮೆಂಬಳ ಸುಬ್ಬರಾವ್ ಪೈಗಳು ಅದಕ್ಕೂ ಹದಿನೈದು ವರ್ಷ ಮೊದಲು ಒಂದು ಹೈಸ್ಕೂಲು ಸ್ಥಾಪಿಸಿದ್ದರು. ಹಣಕಾಸೂ ವಿದ್ಯೆಯೂ ಒಂದೇ ಸೇವೆಯ ಎರಡು ಮುಖಗಳೆಂದು ಕರಾವಳಿಯ ಹಿರಿಯರು ಬಲ್ಲವರಾಗಿದ್ದರು. 2015ರಲ್ಲಿ ಕೇಂದ್ರ ತಂದ ಶಿಕ್ಷಣ ಸಾಲ ಖಾತರಿ ನಿಧಿಯಿಂದಾಗಿ ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಆಸ್ತಿಯ ಅಡಮಾನವಾಗಲಿ ಹೊರಗಿನವರ ಜಾಮೀನಾಗಲಿ ಬೇಕಿಲ್ಲ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ, ಆಯ್ದ ಸಂಸ್ಥೆಗಳಲ್ಲಿ (ಆರಂಭದಲ್ಲಿ 860) ಓದುವ, ಎಂಟು ಲಕ್ಷದೊಳಗಿನ ಆದಾಯದ ಮನೆಗಳ ಮಕ್ಕಳಿಗೆ ಹತ್ತು ಲಕ್ಷದವರೆಗಿನ ಸಾಲದ ಮೇಲೆ ಶೇ. 3ರ ಬಡ್ಡಿ ರಿಯಾಯಿತಿ ಕೊಡುತ್ತದೆ. ಇದು ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಸೀಮಿತ.

ರಾಜ್ಯಗಳು ಇದರ ಮೇಲೆ ತಮ್ಮದೇ ಪದರಗಳನ್ನು ಸೇರಿಸಿವೆ. ಬಿಹಾರ 2016ರ ಗಾಂಧಿ ಜಯಂತಿಯಂದು ನಾಲ್ಕು ಲಕ್ಷದವರೆಗಿನ ಸ್ಟೂಡೆಂಟ್ ಕ್ರೆಡಿಟ್ ಕಾರ್ಡ್ ಆರಂಭಿಸಿತು. ಆ ಕೆಲಸವನ್ನು ಬ್ಯಾಂಕುಗಳಿಗಷ್ಟೇ ಬಿಡದೆ 2018ರಲ್ಲಿ ತನ್ನದೇ ಶಿಕ್ಷಣ ಹಣಕಾಸು ನಿಗಮದ ಮೂಲಕ ಸಾಲ ಕೊಡತೊಡಗಿತು, ಆರಂಭದಲ್ಲಿ ಹೆಣ್ಣುಮಕ್ಕಳೂ ಸೇರಿದಂತೆ ಕೆಲವರಿಗೆ ಶೇ. 1, ಉಳಿದವರಿಗೆ ಶೇ. 4 ಬಡ್ಡಿ ಇಟ್ಟಿತ್ತು. ಪಶ್ಚಿಮ ಬಂಗಾಳ 2021ರಲ್ಲಿ ಹತ್ತು ಲಕ್ಷದವರೆಗಿನ ಸಾಲಕ್ಕೆ ಸರ್ಕಾರವೇ ಖಾತರಿ ನಿಂತು ಶೇ. 4ರ ಸರಳ ಬಡ್ಡಿ ನಿಗದಿ ಮಾಡಿತು. ಕೇರಳ 2017ರಲ್ಲಿ ಮರುಪಾವತಿ ನೆರವು ಯೋಜನೆ ತಂದಿತು. ಮೊದಲ ವರ್ಷ ಕಂತಿನ ದೊಡ್ಡ ಪಾಲನ್ನು ಸರ್ಕಾರ ಹೊತ್ತು, ವರ್ಷದಿಂದ ವರ್ಷಕ್ಕೆ ತನ್ನ ಪಾಲನ್ನು ಇಳಿಸುತ್ತ, ಸಾಲಗಾರನನ್ನು ತನ್ನ ಕಾಲಮೇಲೆ ನಿಲ್ಲಿಸುವುದು ಅದರ ಕ್ರಮ.

ಬಿಹಾರ, ಬಂಗಾಳಗಳು ಸಾಲ ಪಡೆಯುವ ಬಾಗಿಲಲ್ಲಿ ನಿಂತು ಬಡ್ಡಿ ತಗ್ಗಿಸಿದವು. ಕೇರಳ ಸಾಲ ತೀರಿಸುವ ಹಂತದಲ್ಲಿ ಕೈಹಿಡಿಯಿತು. ಎರಡೂ ಬೇಕು. ಏಕೆಂದರೆ ಓದು ಮುಗಿದ ಮೊದಲ ಮೂರು ನಾಲ್ಕು ವರ್ಷಗಳಲ್ಲೇ ಕೆಲಸ ಅನಿಶ್ಚಿತ, ಸಂಬಳ ಕಡಿಮೆ. ಆಗ ಕಂತು ತಪ್ಪುತ್ತ ಹೋದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಆಗುತ್ತದೆ; ಸಾಲ ಕೊಡುವ ಮುನ್ನ ಬ್ಯಾಂಕುಗಳು ನೋಡುವ ಸಿಬಿಲ್ ಅಂಕ ಕೆಡುತ್ತದೆ. ಮುಂದೆ ಮನೆ ಕಟ್ಟಲು, ಅಂಗಡಿ ಇಡಲು ಸಾಲ ಕೇಳಿದಾಗ ಬಾಗಿಲು ಮುಚ್ಚಿರುತ್ತದೆ.

ಕರ್ನಾಟಕದಲ್ಲಿ ಇರುವುದು, ಆಗಬೇಕಾದುದು

ನಮ್ಮ ರಾಜ್ಯದಲ್ಲಿ ಸಾಲಕ್ಕೆ ಮೊದಲಿನ ನೆರವು ಗಟ್ಟಿಯಾಗಿದೆ. ಸರ್ಕಾರಿ ಹಾಸ್ಟೆಲು, ಶುಲ್ಕ ವಿನಾಯಿತಿ, ಬಡ ಮಕ್ಕಳಿಗೆ ಬೋಧನಾ ಶುಲ್ಕವಿಲ್ಲದ ಸಿಇಟಿಯ ಎಸ್‌ಎನ್‌ಕ್ಯೂ (ಹೆಚ್ಚುವರಿ) ಸೀಟುಗಳು, ಕಟ್ಟಡ ಕಾರ್ಮಿಕರ ಮಂಡಳಿಯ ಶೈಕ್ಷಣಿಕ ಧನಸಹಾಯ ಇವೆ. ಹಾಸ್ಟೆಲು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಆರಂಭದಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುತ್ತಿದ್ದ ವಿದ್ಯಾಸಿರಿ 2013ರಲ್ಲಿ ಬಂತು. 2021ರ ರೈತ ವಿದ್ಯಾನಿಧಿ ರೈತರ ಮಕ್ಕಳಿಗೆ 2,500ರಿಂದ 11,000 ರೂಪಾಯಿವರೆಗೆ ವಾರ್ಷಿಕ ನೆರವು ನಿಗದಿ ಮಾಡಿತು. 2023ರ ಜೂನಿನಿಂದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಬಸ್ ಖರ್ಚನ್ನು ಇಳಿಸಿದೆ. ಸಾಲದ ರೂಪದ ನೆರವಿಗೆ ದೇವರಾಜ ಅರಸು ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ 'ಅರಿವು' ಯೋಜನೆ ಇದೆ. ಬ್ಯಾಂಕು ಶೇ. 10ರ ಸುತ್ತಮುತ್ತ ಕೇಳುವ ಕಡೆ ಅದು ಶೇ. 2ಕ್ಕೆ ಹಣ ಕೊಡುವಂತೆ ರೂಪುಗೊಂಡಿತು. ಇಂತಹ ಯೋಜನೆ ಇರುವುದು ಹೆಮ್ಮೆಯ ಸಂಗತಿ. ಅದರ ಗಾತ್ರ ಬೆಳೆಯಬೇಕು, ಹಣ ಕಾಲೇಜಿನ ಶುಲ್ಕದ ಗಡುವಿನೊಳಗೆ ತಲುಪಬೇಕು. ಗಡುವು ದಾಟಿ ಬಂದ ನೆರವು, ಅಷ್ಟರಲ್ಲಿ ಕೈಸಾಲ ಮಾಡಿದ ತಂದೆಗೆ ಅರ್ಧ ನೆರವು ಮಾತ್ರ.

ಇನ್ನು ಆಗಬೇಕಾದ ಮೂರು ಕೆಲಸಗಳನ್ನು ಸೂಚಿಸುತ್ತೇನೆ. ಮೊದಲನೆಯದು, ಕೇಂದ್ರದ ಯೋಜನೆಗಳ ನಡುವಿನ ಸಂದನ್ನು ರಾಜ್ಯ ತುಂಬುವುದು. ನಾಲ್ಕೂವರೆ ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಆದಾಯವಿದ್ದು, ಆಯ್ದ ಪಟ್ಟಿಯಲ್ಲಿಲ್ಲದ ಕಾಲೇಜಿನಲ್ಲಿ ಓದುವವರಿಗೆ ಎರಡರ ಆಸರೆಯೂ ಇಲ್ಲ. ವೃತ್ತಿಪರವಲ್ಲದ ಪದವಿ ಓದುವ ಬಡ ವಿದ್ಯಾರ್ಥಿಗೂ ಪೂರ್ಣ ಬಡ್ಡಿ ಸಹಾಯ ದಕ್ಕುವುದಿಲ್ಲ. ಮೊರಟೋರಿಯಂ ಬಡ್ಡಿಯ ಅರ್ಧವನ್ನಾದರೂ ಇಂಥವರಿಗೆ ರಾಜ್ಯ ಕೊಡಬಹುದು.

ಎರಡನೆಯದು, ಯುವನಿಧಿಯನ್ನು ಸಾಲದ ಖಾತೆಗೆ ಜೋಡಿಸುವ ಆಯ್ಕೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಆರಂಭವಾದ ಈ ಯೋಜನೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುತ್ತದೆ. ನಮ್ಮ ಉದಾಹರಣೆಯ ಆರು ಲಕ್ಷ ಸಾಲಕ್ಕೆ ತಿಂಗಳ ಬಡ್ಡಿ 5,000. ವಿದ್ಯಾರ್ಥಿ ಇಚ್ಛಿಸಿದರೆ ಆ ಮೂರು ಸಾವಿರ ನೇರ ಸಾಲದ ಖಾತೆಗೆ ಹೋಗಲಿ, ಹಾಗೆ ಮಾಡಿದವರಿಗೆ ಉಳಿದ ಎರಡು ಸಾವಿರವನ್ನು ರಾಜ್ಯ ಸೇರಿಸಲಿ. ಆಗ ಈ ಹಣ ಬರುವ ತಿಂಗಳುಗಳಲ್ಲಿ, ಮೊರಟೋರಿಯಂ ಇರುವವರೆಗೆ, ಸಾಲ ಒಂದು ರೂಪಾಯಿಯೂ ಬೆಳೆಯುವುದಿಲ್ಲ.

ಮೂರನೆಯದು, ಮಾಹಿತಿಯ ಒಂದೇ ಮೇಜು. ಬಡ್ಡಿ ಸಹಾಯಕ್ಕೆ ಬೇಕಾದ ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ, ಸಾಲ ಬ್ಯಾಂಕಿನಲ್ಲಿ, ವಿದ್ಯಾರ್ಥಿವೇತನ ಎಸ್‌ಎಸ್‌ಪಿ ಎಂಬ ರಾಜ್ಯದ ಪೋರ್ಟಲಿನಲ್ಲಿ, ಅರಿವು ಸಾಲ ನಿಗಮದ ಕಚೇರಿಯಲ್ಲಿ. ಪ್ರಮಾಣಪತ್ರವನ್ನು ಬ್ಯಾಂಕಿಗೆ ಕೊಡಬೇಕೆಂದು ತಿಳಿಯದ ಒಂದೇ ಕಾರಣಕ್ಕೆ ಅರ್ಹ ಕುಟುಂಬ ಎರಡು ಲಕ್ಷದಷ್ಟು ಬಡ್ಡಿಯನ್ನು ತಾನೇ ಹೊರಬೇಕಾಗಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ (ಅರಿವು ಸಾಲಕ್ಕೂ ಇವಕ್ಕೂ ಸಂಬಂಧವಿಲ್ಲ). ಸಿಇಟಿ ಫಲಿತಾಂಶದಿಂದ ಪ್ರವೇಶ ಮುಗಿಯುವವರೆಗಿನ ಎರಡು ತಿಂಗಳು ಅಲ್ಲಿ ಸಾಲ ಮತ್ತು ವಿದ್ಯಾರ್ಥಿವೇತನದ ಮಾರ್ಗದರ್ಶನ ನಡೆಯಲಿ.

ಸಮುದಾಯದ ಪಾಲು

ಇಲ್ಲಿಯವರೆಗೆ ಸರ್ಕಾರಕ್ಕೆ ಹೇಳಿದೆ. ಇನ್ನು ನಮಗೇ ಹೇಳಿಕೊಳ್ಳಬೇಕಾದ ಮಾತು. 1892ರಲ್ಲಿ ಜೆ.ಎನ್. ಟಾಟಾ ಸ್ಥಾಪಿಸಿದ ದತ್ತಿ ವಿದೇಶದಲ್ಲಿ ಓದುವವರಿಗೆ ಸಾಲರೂಪದ ವಿದ್ಯಾರ್ಥಿವೇತನ ಕೊಡುತ್ತದೆ. ಓದಿದವರು ಹಿಂತಿರುಗಿಸಿದ ಹಣ ಮುಂದಿನವರ ಓದಿಗೆ ನೆರವಾಗುತ್ತದೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ರೈತರು ಸಹಕಾರ ಸಂಘ ಕಟ್ಟಿ, ಊರಿನ ಹಣ ಊರಿನವರ ಕಷ್ಟಕ್ಕೆ ಒದಗಬೇಕೆಂಬ ತತ್ತ್ವವನ್ನು ಆಚರಣೆಗೆ ತಂದರು. ಕೊಟ್ಟದ್ದು ಸುತ್ತಿ ಬರಬೇಕು, ಅಸಲು ಉಳಿಯಬೇಕು, ಫಲ ಮುಂದಿನವರಿಗೆ ಸಲ್ಲಬೇಕು ಎಂಬ ತಿಳಿವು ಎರಡರಲ್ಲೂ ಇದೆ.

ದತ್ತಿಯ ನಿಯಮವೂ ಇದೇ. ಅಸಲನ್ನು ಮುಟ್ಟದೆ ಬಡ್ಡಿಯನ್ನು ವಿದ್ಯೆಗೆ ಬಳಸುತ್ತೇವೆ. ಹಾಗಿದ್ದರೆ ನಮ್ಮ ದತ್ತಿಗಳ ಬಡ್ಡಿಯಿಂದ ನಮ್ಮ ಮಕ್ಕಳ ಬಡ್ಡಿಯನ್ನೇಕೆ ಕಟ್ಟಬಾರದು? ಐದು ಲಕ್ಷದ ಠೇವಣಿಗೆ ಶೇ. 7ರಂತೆ ವರ್ಷಕ್ಕೆ 35,000, ಐದು ವರ್ಷಕ್ಕೆ 1,75,000 ಬರುತ್ತದೆ. ಹಾಸ್ಟೆಲಿನಲ್ಲಿದ್ದು 3,60,000 ಸಾಲ ಮಾಡಿದ ಆ ಸಿಂಧನೂರಿನ ಹುಡುಗಿಯ ಮೊರಟೋರಿಯಂ ಬಡ್ಡಿ 1,26,000. ಒಂದು ದತ್ತಿ ಐದು ವರ್ಷದಲ್ಲಿ ಒಬ್ಬಳ ಬಡ್ಡಿಯನ್ನು ಪೂರ್ತಿ ಕಟ್ಟಿ, ಪುಸ್ತಕಕ್ಕೂ ಒಂದಷ್ಟು ಉಳಿಸುತ್ತದೆ. ಅಸಲು ಹಾಗೇ ಇರುತ್ತದೆ; ಆರನೆಯ ವರ್ಷ ಇನ್ನೊಬ್ಬರ ಸರದಿ.

ಜಾತಿ ಸಂಘಗಳ ಹಾಸ್ಟೆಲುಗಳಿಗೂ ಒಂದು ವಿನಂತಿ. ನಿಮ್ಮ ಹಿರಿಯರು ಅವನ್ನು ಕಟ್ಟಿದ ಕಾಲದಲ್ಲಿ ತಮ್ಮ ತಮ್ಮವರನ್ನು ಮೇಲೆತ್ತುವುದು ಅಗತ್ಯವಾಗಿತ್ತು. ಇಂದು ಪ್ರತಿ ಹಾಸ್ಟೆಲಿನಲ್ಲೂ ಒಂದಷ್ಟು ಜಾಗ ಯಾವ ಸಂಘದ ಬಲವೂ ಇಲ್ಲದ ಸಣ್ಣ ಸಮುದಾಯಗಳ, ಅಲೆಮಾರಿಗಳ ಮಕ್ಕಳಿಗೆ ಮೀಸಲಾಗಲಿ. ಅವರಿಗೆ ವಾರಾನ್ನದ ಕಾಲದಲ್ಲೂ ಬಾಗಿಲು ತೆರೆದಿರಲಿಲ್ಲ; ಇಂದು ಸಾಲದ ಮೇಜಿನ ಎದುರು ಅವರ ಪರವಾಗಿ ಮಾತಾಡುವವರೂ ಕಡಿಮೆ.

ಮಹನೀಯರೇ, ಪಡೆದ ಸಾಲವನ್ನು ತೀರಿಸುವುದು ವಿದ್ಯಾರ್ಥಿಯ ಕರ್ತವ್ಯ. ಅದರಲ್ಲಿ ರಿಯಾಯಿತಿ ಕೇಳಲು ನಾನು ಇಲ್ಲಿ ನಿಂತಿಲ್ಲ. ಆ ಸಾಲ ಅವರ ದುಡಿಮೆಗೆ ತಕ್ಕಷ್ಟೇ ಇರುವಂತೆ ನೋಡಿಕೊಳ್ಳುವುದು ಸರ್ಕಾರದ ಮತ್ತು ನಮ್ಮ ಕರ್ತವ್ಯ. ಈ ಸಭೆಯಲ್ಲಿ ಟ್ರಸ್ಟುಗಳ, ಸಹಕಾರ ಸಂಘಗಳ, ಹಳೆಯ ವಿದ್ಯಾರ್ಥಿ ಸಂಘಗಳ ಪದಾಧಿಕಾರಿಗಳಿದ್ದೀರಿ. ನಿಮ್ಮ ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಎರಡು ವಿಷಯ ಸೇರಿಸಿ: ನಮ್ಮ ಹಾಸ್ಟೆಲಿನಲ್ಲಿ ಇನ್ನೆಷ್ಟು ಮಕ್ಕಳಿಗೆ ಜಾಗ ಮಾಡಬಹುದು, ನಮ್ಮ ಠೇವಣಿಯ ಬಡ್ಡಿಯಿಂದ ಎಷ್ಟು ಮಕ್ಕಳ ಬಡ್ಡಿ ಕಟ್ಟಬಹುದು. ಉತ್ತರ ಒಂದೇ ಮಗುವಾದರೂ ಆ ನಿರ್ಣಯವನ್ನು ಅಂದೇ ಅಂಗೀಕರಿಸಿ, ಈ ವರ್ಷದ ಪ್ರವೇಶ ಮುಗಿಯುವ ಮುನ್ನ ಆ ಮಗುವಿನ ಮನೆಗೆ ತಿಳಿಸಿ.